ಹೆಣ್ಣಿಗೆಂದು ತಂದ ಸೀರೆ

ನನ್ನನ್ನು ಸಾಕಿದ್ದು ನನ್ನ ತೋಳು ಎಂದು ಇಪ್ಪತ್ಮೂರು ವರ್ಷದವರೆಗೆ ನಂಬಿದ್ದೆ. ನಂಬಿದ್ದೆ ಅನ್ನುವುದಕ್ಕಿಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ನಾವು ಸಿದ್ದಿಗಳು. ಹಿಂದಿನವರನ್ನು ಆಫ್ರಿಕದಿಂದ ಹಡಗಿನಲ್ಲಿ ತಂದರಂತೆ, ತಪ್ಪಿಸಿಕೊಂಡವರು ಕಾಡು ಸೇರಿದರಂತೆ. ಅಪ್ಪನ ಕೇರಿ ಮುಂಡಗೋಡಿನ ಕಡೆಯ ಕಾಡಿನಲ್ಲಿತ್ತು. ಆಗ ಅದು ಮುಂಬಯಿ ಸೀಮೆ, ಸೊರಬ ಮೈಸೂರು ಸೀಮೆ. ಅವ್ವ ನನ್ನನ್ನು ಹೆತ್ತ ವಾರಕ್ಕೇ ಸತ್ತಳಂತೆ. ನನಗೆ ಎರಡು ವರ್ಷವಾದಾಗ ಅಪ್ಪ ಹೆಗಲ ಮೇಲೆ ಹೊತ್ತುಕೊಂಡು ಸೊರಬಕ್ಕೆ ಬಂದ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಯಾಕೆಂದು ಹೇಳಲೂ ಇಲ್ಲ. ಶಾಲೆಯಲ್ಲಿ ನನ್ನ ಗುಂಗುರು ಕೂದಲು ಜಗ್ಗಿ ನೋಡುವ ಹುಡುಗರಿಗೆ ಎರಡೇಟು ಬಿಟ್ಟು, ಮೂರನೇ ಕ್ಲಾಸಿಗೇ ಕೈಮುಗಿದು ಬಂದೆ. ಹದಿನಾಲ್ಕಕ್ಕೆ ಅಪ್ಪನೂ ಹೋದ. ಗರಗಸ ಹಿಡಿದೆ. ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ ನಿಂತು ಎಳೆಯುವ ಕೆಲಸ. ಮರದ ಹೊಟ್ಟೆಲ್ಲ ಕೆಳಗಿನವನ ಕಣ್ಣಿಗೇ ಬೀಳುತ್ತದೆ. ನಾನು ಕೆಳಗೇ ನಿಂತು ಮೇಲಿನವನನ್ನು ಸುಸ್ತು ಮಾಡಿದವನು.

ಎರಡು ಸೀಮೆಯೂ ಒಂದೇ ರಾಜ್ಯವಾಗಿ ಒಂದೆರಡು ವರ್ಷವಾಗಿತ್ತು. ಶಿಕಾರಿಪುರದ ಕಡೆಯ ಬಳ್ಳಿಗಾವಿಯಲ್ಲಿ ಒಬ್ಬ ಗೌಡರ ಹೊಸ ಮನೆಗೆ ಹಲಗೆ ಕೊಯ್ಯಲು ಹೋದೆ. ಗೌಡರ ಉಳುಮೆಯಾಳು ಸಿದ್ದಿ. ಅವನ ಮಗಳು ನಮಗೆ ಕುಡಿಯುವ ನೀರು ತರುತ್ತಿದ್ದಳು. ನನ್ನ ಕಣ್ಣು ತುಂಬ ಹೊಟ್ಟು ನೋಡಿ ಮೊದಲ ದಿನವೇ, "ಕೆಳಗೆ ನಿಂತೋರು ಬಾಯಾದ್ರೂ ಮುಚ್ಕಳ್ರೀ, ಹೊಟ್ಟೆಲ್ಲ ನುಂಗಿದ್ರೆ ಹಲಗೆ ಕಮ್ಮಿ ಬಿದ್ದಾವು" ಅಂದಳು. ಆ ಮಾತಿಗೇ ನಾನು ಸೋತದ್ದು. ತಿಂಗಳಾದ ಮೇಲೆ ಅವಳಪ್ಪನ ಹತ್ತಿರ ಹೆಣ್ಣು ಕೇಳಿದೆ.

"ಮೂಲ ಯಾವೂರೋ ತಮ್ಮಾ?"

"ಸೊರಬ."

"ಅದಲ್ಲೋ, ಹಿರೇರ ಕೇರಿ?"

"ಕೇರಿ ಗೀರಿ ಇಲ್ಲ ಮಾವಾ. ನಂಗೆ ಯಾರೂ ಇಲ್ಲ, ಯಾರ ಹಂಗೂ ಇಲ್ಲ."

ಅವನು ನಕ್ಕ. "ಒಳ್ಳೇದಾತು ಬಿಡು ಅಳಿಯಾ, ಊಟಕ್ಕೆ ಗಂಡಿನ ಕಡೇದು ಒಂದೇ ಎಲೆ!"

ಆದರೆ ಒಂದು ವಿಷಯದಲ್ಲಿ ಅವನು ಬಗ್ಗಲಿಲ್ಲ. ನಮ್ಮವರ ಮನೆಯ ಮೂಲೆಯಲ್ಲಿ ಹಿರಿಯರ ಹೆಸರಿನದೊಂದು ತೆಂಗಿನಕಾಯಿ ಇರುತ್ತದೆ. ಹೆಣ್ಣನ್ನು ಸಾಕಿದವರು ಅದರ ಮುಂದೆ ಕೂತು ಹೂಂ ಅನ್ನದೆ ಅವನು ತಾಂಬೂಲ ಕೊಡುವವನಲ್ಲ. ಈ ಹುಡುಗಿಯ ತಾಯಿಯೂ ಬಾಣಂತಿತನದಲ್ಲೇ ತೀರಿದ್ದಳು, ತವರು ಕೇರಿಯಲ್ಲಿ. ಎರಡು ವರ್ಷ ಹಾಲೂಡಿಸಿದ ಮುದುಕಿಯೊಬ್ಬಳು ಅಲ್ಲಿಂದ ಬರಬೇಕಿತ್ತು. ನಾನು ಆಗಲೇ ಶಿಕಾರಿಪುರದ ಅಂಗಡಿಯಿಂದ ಹಸಿರು ಸೀರೆ ತಂದಿದ್ದೆ. ಒಂದು ಮುದುಕಿಗಾಗಿ ನಾಲ್ಕು ದಿನ ಕಾಯಬೇಕಲ್ಲ ಎಂದು ಒಳಗೊಳಗೇ ಉರಿಯುತ್ತಿದ್ದೆ.

ಮುದುಕಿ ನಡೆದೇ ಬಂದಳು. ಸಾಬರ ಪೈಕಿ ಸಿದ್ದಿ. ನಮ್ಮಲ್ಲಿ ಹಿಂದೂ, ಸಾಬರು, ಕಿರಿಸ್ತಾನರು ಮೂರೂ ಇದ್ದಾರೆ, ನೆಂಟಸ್ತನ ಮಾತ್ರ ಒಂದೇ. ನೀರು ಕುಡಿದು ನನ್ನನ್ನೇ ನೋಡುತ್ತ ಕೂತಳು.

"ನಿಮ್ಮಪ್ಪಂಗೆ ಎಡಗೈಲಿ ಮೂರೇ ಬೆರಳೇನೋ?"

"ಹೌದು."

"ಬಲ ಕಿವಿ ಹಿಂದೆ ಸುಟ್ಟ ಕಲೆ ಐತಾ?"

ನಾನು ಕೈಯೆತ್ತಿ ಮುಟ್ಟಿಕೊಂಡೆ. ಅದು ಯಾವಾಗಿನದೆಂದು ನನಗೇ ಗೊತ್ತಿರಲಿಲ್ಲ.

"ನನ್ನ ಒಲೆ ಮುಂದೆ ಬಿದ್ದಿದ್ದು. ನಿಮ್ಮಪ್ಪಂದೂ ಇವಳವ್ವಂದೂ ಒಂದೇ ಕೇರಿ. ನಿಂಗೂ ನಾನೇ ಹಾಲು ಕೊಟ್ಟಿದ್ದು ಮಗಾ. ದೊಡ್ಡ ಮಗನ ಜತೆ ನಿಂಗೆ, ಸಣ್ಣೋನ ಜತೆ ಇವಳಿಗೆ. ಹಾಲು ಹಂಚ್ಕಂಡೋರು ಅಣ್ಣ ತಂಗಿ. ಈ ಮದುವೆ ಆಗಂಗಿಲ್ಲ."

ನನಗೆ ಮೊದಲು ಏನೂ ಕೇಳಿಸಲಿಲ್ಲ. ಮುದುಕಿಯ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಆಮೇಲೆ ಚೀರಿದೆ. "ಅದು ನಿಮ್ಮ ಸಾಬರ ಕಟ್ಟಳೆ! ನಮ್ಮ ಜಾತೀಲಿ ಇಲ್ಲ!"

"ಜಾತಿ ನಿಂದೇ ಇರಲಿ. ಎದೆ ಯಾರದೋ?"

ನಾನು ಹುಡುಗಿಯ ಅಪ್ಪನ ಕಡೆ ನೋಡಿದೆ. ಅವನು ಮೂಲೆಯ ಕಾಯಿಯ ಕಡೆ ನೋಡುತ್ತಿದ್ದ. "ಕೇರಿ ಹೆಸರೊಂದು ಹೇಳಿದ್ರೆ ಅವತ್ತೇ ತಿಳೀತಿತ್ತಲ್ಲೋ ತಮ್ಮಾ" ಅಂದ. ಬೆಳಿಗ್ಗೆಯವರೆಗೆ ಅಳಿಯ ಅನ್ನುತ್ತಿದ್ದವನು.

ಸತ್ಯಕ್ಕೂ ನನ್ನನ್ನು ಹೆಚ್ಚು ಕಲಕಿದ್ದು ಯಾವುದೆಂದು ಈಗಲೂ ಬಿಡಿಸಿ ಹೇಳಲಾರೆ. ಹುಡುಗಿ ಕೈತಪ್ಪಿದ್ದೋ, ಯಾರ ಹಂಗೂ ಇಲ್ಲ ಎಂದು ಎದೆ ತಟ್ಟಿಕೊಂಡವನು ಆ ಹೆಂಗಸಿನ ಮೈಯ ಹಾಲಿನಿಂದ ಬದುಕಿದ್ದೆ ಅನ್ನುವುದೋ. ಹೊರಟುಬಿಡೋಣವೆಂದು ಎದ್ದೆ. ಆಗ ಮುದುಕಿ ಹೇಳಿದಳು: "ನಿಮ್ಮಪ್ಪ ಹೋಗುವಾಗ ಹೇಳದೆ ಹೋದ. ನಾನು ಮೂರು ದಿನ ಎದೆ ಬಾವು ಬಂದು ಒದ್ದಾಡ್ದೆ. ನೀನೂ ಹಂಗೇ ಹೋಗ್ತೀಯೇನೋ?"

ಹೆಗಲಿಗೇರಿಸಿದ ಚೀಲ ಕೆಳಗಿಟ್ಟೆ.

ಅಷ್ಟು ಹೊತ್ತೂ ಬಾಗಿಲ ಹಿಂದಿದ್ದ ಹುಡುಗಿ ಚೊಂಬಿನಲ್ಲಿ ನೀರು ತಂದು ಮುಂದೆ ಹಿಡಿದಳು. ಕಣ್ಣು ಕೆಂಪಗಾಗಿತ್ತು. "ತಗಾ ಅಣ್ಣಾ" ಅಂದಳು. ಗರಗಸದ ಹಲ್ಲು ದಿಮ್ಮಿಯೊಳಗಿನ ಮೊಳೆಗೆ ಸಿಕ್ಕಾಗ ಭುಜದವರೆಗೆ ಒಂದು ಹೊಡೆತ ಬರುತ್ತದೆ, ಹಾಗಾಯಿತು.

ಮುದುಕಿ ನನ್ನ ಚೀಲದ ಕಡೆ ಗದ್ದ ಎತ್ತಿದಳು. "ಸೀರೆ ತಂದೀಯಂತಲ್ಲ, ಕೊಡು. ಅಣ್ಣ ಆದೋನು ತಂಗಿಗೆ ಕೊಡಬೇಕಾದ್ದೂ ಸೀರೆನೇ."

ತೆಗೆದೆ. ಮಡಿಕೆ ಬಿಚ್ಚಿರಲಿಲ್ಲ. ಹುಡುಗಿ ಸೆರಗೊಡ್ಡಿದಳು, ಹಾಕಿದೆ. ಆಮೇಲೆ ಮುದುಕಿಯ ಕಾಲಿಗೆ ಬಗ್ಗಿದೆ. ನಾನು ಮೊದಲ ಬಾರಿ ಬಗ್ಗಿದ ಕಾಲು ಅದು. ಹಿಮ್ಮಡಿ ಒಡೆದು ಕಾಡಿನ ಕೆಂಪು ಮಣ್ಣು ತುಂಬಿತ್ತು.