ಅರ್ಧಕ್ಕೆ ನಿಂತ ಮುಳ್ಳು

ನನ್ನ ಸ್ಕೂಟರಿನಲ್ಲಿ ಪೆಟ್ರೋಲಿನ ಮಟ್ಟ ತೋರಿಸುವ ಮುಳ್ಳು ಎಷ್ಟೋ ವರ್ಷಗಳಿಂದ ಅರ್ಧಕ್ಕೇ ನಿಂತುಬಿಟ್ಟಿದೆ. ಟ್ಯಾಂಕು ತುಂಬಿದ್ದರೂ ಅರ್ಧ, ಬತ್ತಿದ್ದರೂ ಅರ್ಧ. ಲಾಭನಷ್ಟಗಳಲ್ಲಿ ಇಷ್ಟು ಸಮಚಿತ್ತ ಕಾಯ್ದುಕೊಂಡ ಸ್ಥಿತಪ್ರಜ್ಞರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದ್ದರಿಂದ ಬೆಳಗ್ಗೆ ಎದ್ದವನೇ ಹ್ಯಾಂಡಲ್ ಹಿಡಿದು ಸ್ಕೂಟರನ್ನು ಎಡಕ್ಕೂ ಬಲಕ್ಕೂ ಅಲುಗಿಸಿ, ಸೀಟಿನ ಪಕ್ಕ ಕಿವಿಗೊಟ್ಟು ಕೇಳುತ್ತೇನೆ. ಒಳಗಿನಿಂದ ‘ಗುಳುಕ್’ ಎಂದರೆ ಇನ್ನೂ ಇದೆ ಎಂದರ್ಥ. ನಿಜ ಹೇಳಬೇಕೆಂದರೆ, ಎಲ್ಲಿಗೂ ಹೋಗುವುದಿಲ್ಲದ ದಿನವೂ ಅಲುಗಿಸುತ್ತೇನೆ. ಗುಂಡ್ಲುಪೇಟೆಯ ಈ ಬಾಡಿಗೆ ಮನೆಯಲ್ಲಿ, ಮಾತಾಡಿಸಿದರೆ ಮಾರುತ್ತರ ಕೊಡುವುದು ಅದೊಂದೇ.

ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ಅರ್ಥಶಾಸ್ತ್ರ ಹೇಳಿದವನು. ಬೇಡಿಕೆಯ ರೇಖೆ ಇಳಿಯುತ್ತ, ಪೂರೈಕೆಯ ರೇಖೆ ಏರುತ್ತ, ಎರಡೂ ಒಂದು ಶುಭಬಿಂದುವಿನಲ್ಲಿ ಸಂಧಿಸುವುದನ್ನು ಕಪ್ಪುಹಲಗೆಯ ಮೇಲೆ ಸಾವಿರಾರು ಸಲ ಬರೆದು ತೋರಿಸಿದ್ದೇನೆ. ನನ್ನ ಮದುವೆಯ ವಿಷಯದಲ್ಲಿ ಮಾತ್ರ ಆ ರೇಖೆಗಳು ಸಂಧಿಸಲೇ ಇಲ್ಲ. ಬಂಧುಬಳಗವೆಂದು ಹೇಳಿಕೊಳ್ಳಲು ಉಳಿದವನು ಬಾಲ್ಯದ ಗೆಳೆಯ ನಂಜುಂಡ ಒಬ್ಬನೇ. ಅವನು ಉಡಿಗಾಲದಲ್ಲಿ ಅರಿಸಿನ, ಟೊಮೊಟೊ ಬೆಳೆಯುತ್ತಾನೆ. ಪ್ರತಿ ಭಾನುವಾರ ನಾನು ಅವನ ತೋಟಕ್ಕೆ ಹೋಗುವುದು, ಪಂಪ್‌ಸೆಟ್ ಮನೆಯ ಜಗಲಿಯಲ್ಲಿ ಕೂತು ಲೋಕದ ಸಮಸ್ತ ಸಮಸ್ಯೆಗಳನ್ನೂ ಬಗೆಹರಿಸುವುದು, ಸಂಜೆ ವಾಪಸಾಗುವುದು. ಒಮ್ಮೆ ಈ ಮುಳ್ಳನ್ನು ನಂಬಿ ದಾರಿಮಧ್ಯೆ ಪೆಟ್ರೋಲು ಮುಗಿದು, ಸ್ಕೂಟರನ್ನು ಮೈಲಿಗಟ್ಟಲೆ ತಳ್ಳಿದ್ದೆ. ಅಂದಿನಿಂದ ನಂಜುಂಡ ಊರ ಪೆಟ್ಟಿಗೆ ಅಂಗಡಿಯಿಂದ ಅರ್ಧ ಲೀಟರಿನ ಬಾಟಲಿ ಪೆಟ್ರೋಲು ತಂದಿಟ್ಟು, ನಾನು ಹೊರಡುವಾಗ ತಾನೇ ಸುರಿದು ಕಳಿಸುವ ಪದ್ಧತಿ ಮಾಡಿಕೊಂಡ. ಬೇಡವೆಂದರೆ ಬೈಯುತ್ತಿದ್ದ.

ಪೆಟ್ರೋಲಿನ ಬೆಲೆ ಮತ್ತೆ ಏರಿದ ಒಂದು ಭಾನುವಾರ ನಮ್ಮ ಜಗಲಿಯಲ್ಲಿ ಅದೇ ಚರ್ಚೆ. ಜನರೆಲ್ಲ ಬೇಡದ ಓಡಾಟ ನಿಲ್ಲಿಸಿದರೆ ಬೇಡಿಕೆ ಕುಸಿದು ಬೆಲೆ ತಾನಾಗಿ ಇಳಿಯುತ್ತದೆ ಎಂದು ನಾನು ತರಗತಿಯ ಧಾಟಿಯಲ್ಲಿ ಪ್ರತಿಪಾದಿಸಿದೆ. ನಂಜುಂಡ ನಕ್ಕ.

“ಟೊಮೊಟೊ ನೋಡ್ಲಾ. ಎಲ್ರೂವೆ ಬೆಳುದ್ಬುಟ್ರೆ ಕೇಳೋರೇ ಇರಾಕಿಲ್ಲ, ರಸ್ತೆಗ್ ಸುರೀಬೇಕು. ಪೆಟ್ರೋಲೂ ಅಂಗೇಯ ಕಣ್ಲಾ, ಜಾಸ್ತಿ ಬಂದ್ರೆ ಇಳೀತದೆ. ನೀನೊಬ್ಬ ಸ್ಕೂಟ್ರು ನಿಲ್ಸುಬುಟ್ರೆ ಇಳ್ದದಾ?”

ಟೊಮೊಟೊ ಬೆಳೆಯುವವನಿಂದ ಪಾಠ ಹೇಳಿಸಿಕೊಳ್ಳುವುದೆಂದರೆ ಏನು! ಬೆಲೆ ಇಳಿಯುವವರೆಗೂ ಈ ಸ್ಕೂಟರು ಗುಂಡ್ಲುಪೇಟೆ ದಾಟುವುದಿಲ್ಲ ಎಂದು ಘೋಷಿಸಿ ಎದ್ದುಬಂದೆ. ಬಸ್ಸಿದೆಯಲ್ಲ ಎಂದು ನೀವು ಕೇಳಬಹುದು. ಬಸ್ಸೂ ಡೀಸೆಲ್ ಕುಡಿಯುತ್ತದೆ ಎಂಬುದು ನನ್ನ ಶಾಸ್ತ್ರೀಯ ಆಕ್ಷೇಪ. ವಾದ ಸೋತವನಂತೆ ಬಸ್ಸಿಳಿಯಲು ನಾಚಿಕೆ ಎಂಬುದು ಒಳಗಿನ ಸತ್ಯ.

ಮೊದಲೆರಡು ಭಾನುವಾರ ನಂಜುಂಡ ಫೋನು ಮಾಡಿ “ಇಳೀತಾ?” ಎಂದು ಕೇಳಿದ. “ಇನ್ನೂ ಇಲ್ಲ, ಇಳಿಯುತ್ತದೆ” ಎಂದೆ. ಮೂರನೆಯ ಭಾನುವಾರದಿಂದ ಫೋನೂ ಬರಲಿಲ್ಲ. ನಾನೇ ಮಾಡಬಹುದಿತ್ತು, ಬಿಗುಮಾನ ಬಿಡಲಿಲ್ಲ. ಭಾನುವಾರವೆಂಬುದು ಎಷ್ಟು ಉದ್ದದ ದಿನವೆಂದು ನನಗೆ ಆಗ ಗೊತ್ತಾಯಿತು. ಪತ್ರಿಕೆಯನ್ನು ಕೊನೆಯ ಪುಟದ ಟೆಂಡರ್ ಪ್ರಕಟಣೆಯವರೆಗೂ ಓದಿ ಮುಗಿಸಿದರೆ ಇನ್ನೂ ಒಂಬತ್ತು ಗಂಟೆ. ಒಂದು ವಸ್ತು ತುಟ್ಟಿಯಾದರೆ ಗಿರಾಕಿಗಳು ಬದಲಿ ವಸ್ತುವನ್ನು ಹುಡುಕಿಕೊಳ್ಳುತ್ತಾರೆ ಎಂದು ನಾನೇ ಮಕ್ಕಳಿಗೆ ಬರೆಸಿದ್ದ ಟಿಪ್ಪಣಿ ನೆನಪಾಯಿತು. ಜಗಲಿಯಲ್ಲಿ ನನ್ನ ಜಾಗಕ್ಕೆ ಬೇರೆ ಯಾರೋ ಬಂದು ಕೂತಿರಬೇಕು. ಇರುವ ಒಬ್ಬ ಗೆಳೆಯನನ್ನೂ ನಾನಾಗಿಯೇ ಕಳೆದುಕೊಂಡೆನೇ ಎಂಬ ಭಯ ಆ ದಿನಗಳಲ್ಲಿ ನನ್ನೊಡನೆಯೇ ಊಟಕ್ಕೆ ಕೂರುತ್ತಿತ್ತು.

ಹನ್ನೊಂದನೆಯ ಭಾನುವಾರ, ಬೇರೆ ಕೆಲಸವಿಲ್ಲದೆ, ಬೆಲೆಯ ಫಲಕ ನೋಡಲೆಂದು ಹೆದ್ದಾರಿಯ ಬಂಕಿಗೆ ನಡೆದು ಹೋದೆ. ಬೆಲೆ ನನ್ನ ತ್ಯಾಗವನ್ನು ಗಮನಿಸಿದಂತೆ ಕಾಣಲಿಲ್ಲ. ನಮ್ಮೂರ ಬಂಕುಗಳಲ್ಲಿ ಕೇರಳದ ಗಾಡಿಗಳದ್ದೇ ಸಾಲು. ಅಲ್ಲಿಗಿಂತ ಇಲ್ಲಿ ಅಗ್ಗವೆಂದು ಕಾಡು ದಾಟಿ ಬಂದು ತುಂಬಿಸಿಕೊಳ್ಳುತ್ತಾರೆ. ಗಡಿಯಾಚೆಯ ಬತ್ತೇರಿಯಿಂದ ಬಂದಿದ್ದ ಒಬ್ಬ ನಡುವಯಸ್ಸಿನವನನ್ನು ಹಿಡಿದು, ಬರಲು ಹೋಗಲು ಸುಡುವ ಪೆಟ್ರೋಲನ್ನು ಲೆಕ್ಕ ಹಾಕಿದರೆ ನಿಮಗೇನು ಉಳಿಯುತ್ತದೆ ಎಂದು ಉಪನ್ಯಾಸ ಆರಂಭಿಸಿದೆ. ಆತ ಸುತ್ತ ನೋಡಿ ದನಿ ತಗ್ಗಿಸಿದ.

“ಸಾರೇ, ಪೆಟ್ರೋಲ್ ಒಂದು ಕಾರಣ ಮಾತ್ರಂ. ತಂಗೀನ ಇದೇ ಊರಿಗೆ ಕೊಟ್ಟಿದ್ದು. ಸುಮ್ಮನೆ ಬಂದ್ರೆ ಮನೇಲಿ ‘ಎಂದಿನಾ, ಯಾಕೆ’ ಅಂತ ಕೇಳ್ತಾರೆ. ಪೆಟ್ರೋಲ್‌ಗೆ ಅಂದ್ರೆ ಯಾರೂ ಕೇಳಲ್ಲ.”

ನಾನು ಫಲಕ ನೋಡುವುದನ್ನು ಬಿಟ್ಟು ಅವನನ್ನೇ ನೋಡಿದೆ. ಆತ ಪೆಟ್ರೋಲಿನ ಬೆಲೆಯನ್ನು ಬರುವುದಕ್ಕೆ ನೆಪ ಮಾಡಿಕೊಂಡಿದ್ದ, ನಾನು ಹೋಗದಿರುವುದಕ್ಕೆ. ನನ್ನಷ್ಟು ಓದಿರಲಿಕ್ಕಿಲ್ಲ, ಪುಣ್ಯವಂತ. ಅಲ್ಲಿಂದ ನೇರ ಮನೆಗೆ ಬಂದು ಸ್ಕೂಟರನ್ನು ಅಲುಗಿಸಿದೆ. ಕ್ಷೀಣವಾಗಿ ‘ಗುಳುಕ್’ ಎಂದಿತು. ಹೊರಟೇಬಿಟ್ಟೆ.

ನಂಜುಂಡ ಜಗಲಿಯಲ್ಲಿ ಒಬ್ಬನೇ ಕೂತಿದ್ದ. ನನ್ನ ಜಾಗ ಖಾಲಿಯಿತ್ತು.

“ಇಳೀತಾ?” ಎಂದ.

“ಇಲ್ಲ.”

“ಮತ್ಯಾಕ್ ಬಂದೆ?”

ಉತ್ತರಕ್ಕೆ ಕಾಯದೆ ಅವನೇ ಒಳಗೆ ಕರೆದ. ಪಂಪ್‌ಸೆಟ್ ಮನೆಯ ಕತ್ತಲ ಮೂಲೆಯಲ್ಲಿ, ಗೋಡೆಗೆ ಒತ್ತಿಕೊಂಡು, ಪೆಟ್ರೋಲು ತುಂಬಿದ ಬಾಟಲಿಗಳ ಸಾಲು. ಎಣಿಸಿದೆ, ಹನ್ನೊಂದು. ಹಳೆಯ ಬಾಟಲಿಗಳಲ್ಲಿ ಮಟ್ಟ ಆವಿಯಾಗಿ ಒಂದಿಷ್ಟು ಕೆಳಗಿಳಿದಿತ್ತು.

“ನೀ ಬೇಡ್ಕೆ ಕಡ್ಮೆ ಮಾಡ್ದೆ. ನಾ ತರಾದ ನಿಲ್ಲುಸ್ನಿಲ್ಲ ಕಣ್ಲಾ. ಯಾವ್ ವಾರ ಬಂದ್ಬುಟ್ಟೀಯೋ ಏನೋ ಅಂತ.”

ನನ್ನ ಕಣ್ಣು ತುಂಬಿಬಂತು, ಪೆಟ್ರೋಲಿನ ವಾಸನೆಗೆ ಎಂದು ಇಬ್ಬರೂ ಒಪ್ಪಿಕೊಂಡೆವು.

ಸಂಜೆ ಅವನು ಹನ್ನೊಂದು ಬಾಟಲಿಗಳನ್ನೂ ಒಂದೊಂದಾಗಿ ಟ್ಯಾಂಕಿಗೆ ಸುರಿದ. ಅಭ್ಯಾಸಬಲದಿಂದ ಅಲುಗಿಸಿ ಕಿವಿಗೊಟ್ಟೆ, ಸದ್ದೇ ಇಲ್ಲ. ಗಾಬರಿಯಿಂದ ಮುಚ್ಚಳ ತೆಗೆದರೆ ಪೆಟ್ರೋಲು ಬಾಯಿಯವರೆಗೂ ನಿಂತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ನಾನು ಅದುವರೆಗೂ ಪಂಡಿತರಿಗಷ್ಟೇ ಅನ್ವಯಿಸುತ್ತಿದ್ದೆ.

“ಬರೋ ವಾರುಕ್ಕೆ ಜಾಗ ಮಾಡ್ಕಂಡ್ ಬಾ, ಒಂದು ಬಾಟ್ಲಿ ತಂದಿಟ್ಟಿರ್ತೀನಿ” ಎಂದ ನಂಜುಂಡ.

ಪೆಟ್ರೋಲಿನ ಬೆಲೆ ಹೇಗೆ ಇಳಿಯುತ್ತದೆಂಬುದು ನಮ್ಮ ಜಗಲಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಮುಳ್ಳೂ ಎಂದಿನಂತೆ ಅರ್ಧಕ್ಕೇ ನಿಂತಿದೆ, ರಿಪೇರಿ ಮಾಡಿಸಿಲ್ಲ. ಬೆಳಗ್ಗೆ ಎದ್ದು ಈಗಲೂ ಸ್ಕೂಟರನ್ನು ಅಲುಗಿಸಿ ಕಿವಿಗೊಡುತ್ತೇನೆ. ಎಷ್ಟು ಉಳಿದಿದೆ ಎಂದಲ್ಲ, ಭಾನುವಾರದೊಳಗೆ ಒಂದು ಬಾಟಲಿಗೆ ಜಾಗವಾಗಿದೆಯೇ ಎಂದು.