ಹುಳುಮನೆಗೆ ಔಷಧಿ ಹೊಡೆದ ದಿನ

ಮಂಡ್ಯದಲ್ಲಿ ನಮ್ಮ ಮನೆಯ ಎದುರಿನ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಒಂದಷ್ಟು ಜನ ಸುತ್ತ ನಿಂತು ನಗುತ್ತಾರೆ. ಯಾರೂ ಜೋಕು ಹೇಳಿರುವುದಿಲ್ಲ. ಒಬ್ಬರು ಚಪ್ಪಾಳೆ ತಟ್ಟಿದ ಕೂಡಲೇ ಎಲ್ಲರೂ ಕೈ ಮೇಲೆತ್ತಿ ಹೊಟ್ಟೆ ಕುಲುಕಿಸಿ ನಗಬೇಕು, ಮತ್ತೆ ತಟ್ಟಿದರೆ ನಿಲ್ಲಿಸಬೇಕು. ಹೋದ ಮಳೆಗಾಲದಲ್ಲಿ ಅವ್ವನನ್ನು ಊರಿನಿಂದ ಕರೆತಂದ ಹೊಸತರಲ್ಲಿ, ಅವಳಿಗೂ ಒಂದಿಷ್ಟು ಖುಷಿಯಾಗಲಿ ಅಂತ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವ್ವ ಸೆರಗು ಹೊದ್ದು ಬೆಂಚಿನ ಮೇಲೆ ಕೂತು ಪೂರ್ತಿ ನೋಡಿದಳು. ವಾಪಸು ಬರುವಾಗ ರಸ್ತೆ ದಾಟಿದ ಮೇಲೆ ಮೆಲ್ಲಗೆ ಕೇಳಿದಳು, "ಪಾಪ, ಅವ್ರಿಗೆಲ್ಲಾ ಏನಾಗೈತವ್ವ?"

ಅವ್ವನನ್ನು ಕರೆತಂದದ್ದು ಉಬ್ಬಸದ ಕಾರಣಕ್ಕೆ. ಆತಗೂರು ಹೋಬಳಿಯ ನಮ್ಮೂರಿನಲ್ಲಿ ತಮ್ಮ ಈಗಲೂ ರೇಷ್ಮೆ ಹುಳು ಸಾಕುತ್ತಾನೆ. ಮಂಡ್ಯದ ಡಾಕ್ಟರು ಅವ್ವನ ಎದೆಗೆ ಸ್ಟೆತಸ್ಕೋಪು ಇಟ್ಟು ನೋಡಿ, ಇನ್ನು ಹುಳುಮನೆಯ ಧೂಳೂ ಬ್ಲೀಚಿಂಗ್ ಪೌಡರಿನ ಘಾಟೂ ಈಕೆಗೆ ಆಗುವುದಿಲ್ಲ, ಒಳಗೆ ಕಾಲಿಡಕೂಡದು ಎಂದಿದ್ದರು. ಅವ್ವ ಹೂಂ ಎಂದಳು. ಊರಿಗೆ ಹೋದವಳು ಮಾರನೆಯ ದಿನವೇ ಸೊಪ್ಪಿನ ಕುಕ್ಕೆ ಹಿಡಿದು ಹುಳುಮನೆಯ ಒಳಗಿದ್ದಳು. ತಮ್ಮ ಬೈದ, ಬೇಡಿಕೊಂಡ, ಕೊನೆಗೆ ಹುಳು ಸಾಕುವುದನ್ನೇ ನಿಲ್ಲಿಸಿಬಿಡುತ್ತೇನೆ ಎಂದ. ಅವನು ನಿಲ್ಲಿಸುವುದೂ ಬೇಡ, ಅವಳು ಉಸಿರಿಗೆ ಒದ್ದಾಡುವುದೂ ಬೇಡ, ಇನ್ನು ಮೇಲೆ ಅವ್ವ ನನ್ನ ಜೊತೆಗೇ ಇರಲಿ ಎಂದು ನಾನು ತೀರ್ಮಾನ ಮಾಡಿದೆ. ಇಷ್ಟು ವರ್ಷ ದುಡಿದಿದ್ದಾಳೆ, ಇನ್ನಾದರೂ ಸುಖವಾಗಿರಲಿ. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

ನಾನು ಒಂದು ಕೆಲಸ ಹಿಡಿದರೆ ಬಿಡುವವಳಲ್ಲ. ಇಸ್ಕೂಲಿನಲ್ಲಿ ಮೇಷ್ಟ್ರುಗಿರಿ ಮಾಡಿ ಬಂದ ಬುದ್ಧಿ ಅದು. ಅವ್ವನನ್ನು ಖುಷಿಯಾಗಿಡುವುದನ್ನೂ ಹಾಗೇ ಹಿಡಿದೆ. ಮೆತ್ತನೆ ಹಾಸಿಗೆ ತರಿಸಿದೆ. ಅವಳ ರೂಮಿಗೇ ಟೀವಿ ಹಾಕಿಸಿದೆ. ಮದ್ದೂರಿನ ಕಡೆಯಿಂದ ಬರುವ ಯಾರನ್ನೂ ಬಿಡದೆ ಬಿಸಿ ವಡೆ ತರಿಸಿದೆ. ಸಂಜೆ ಸಂಜೆ ಪಕ್ಕದಲ್ಲಿ ಕೂತು, "ಖುಷಿಯಾಗಿದ್ದೀಯಾ ಅವ್ವ?" ಎಂದು ಕೇಳುತ್ತಿದ್ದೆ. ಅವಳು ನನ್ನ ಕಡೆ ನೋಡಿ ನಕ್ಕು, "ಊಂ ಕಣವ್ವ, ಚೆನ್ನಾಗೈತೆ," ಎನ್ನುತ್ತಿದ್ದಳು. ಉಬ್ಬಸ ನಿಜಕ್ಕೂ ಕಮ್ಮಿಯಾಗಿತ್ತು. ಆದರೆ ಊಟವೂ ಕಮ್ಮಿಯಾಗಿತ್ತು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇರುತ್ತಿದ್ದಳು. ತಮ್ಮನ ಫೋನು ಬಂದಾಗ ಮಾತ್ರ ನೆಟ್ಟಗಾಗಿ, ಹುಳು ಎಷ್ಟನೇ ಜ್ವರದಲ್ಲಿವೆ ಎಂದು ವಿಚಾರಿಸುತ್ತಿದ್ದಳು.

ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ನಿಂತು, ಹಳೇ ಚರ್ಮ ಕಳಚುವ ಹೊತ್ತಿಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದು ಬೆಳೆಯಲ್ಲಿ ಅಂಥ ನಾಲ್ಕು ಜ್ವರ. ನಮ್ಮ ಬಾಲ್ಯದ ಕ್ಯಾಲೆಂಡರು ಅದೇ. ನೆಂಟರು ಬರುವುದು, ನಾವು ಹೋಗುವುದು, ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಸಿಕೊಳ್ಳುವುದು ಎಲ್ಲಕ್ಕೂ ಹುಳುವಿನ ಅಪ್ಪಣೆ ಬೇಕು.

ಆಗ ಬೇರೆ ಹುಳುಮನೆ ಎಲ್ಲಿತ್ತು. ನಾವಿದ್ದ ಮನೆಯೇ ಹುಳುಮನೆ. ನಡುಮನೆಯ ತುಂಬ ಬಿದಿರಿನ ತಟ್ಟೆ ಜೋಡಿಸಿದ ಸ್ಟ್ಯಾಂಡುಗಳು, ಇರುವೆ ಹತ್ತದಂತೆ ಅವುಗಳ ಒಂದೊಂದು ಕಾಲಿಗೂ ನೀರು ತುಂಬಿದ ಬಟ್ಟಲು. ಉಳಿದ ಸಂದಿಯಲ್ಲಿ ನಾವು ಚಾಪೆ ಹಾಸಿ ಮಲಗುತ್ತಿದ್ದೆವು. ಹುಳುವಿಗೆ ಘಾಟು ಆಗದು ಎಂದು ಮೆಣಸಿನಕಾಯಿಯ ಒಗ್ಗರಣೆ ಹಿತ್ತಲಿನ ಒಲೆಯಲ್ಲಿ. ಊದುಬತ್ತಿ ತುಳಸಿಕಟ್ಟೆಯ ಹತ್ತಿರ. ಅಪ್ಪನ ಬೀಡಿ ತಿಪ್ಪೆ ದಾಟಿದ ಮೇಲೆ. ಒಂದು ಸಲ ನಮ್ಮ ಸೋದರತ್ತೆ ಮಲ್ಲಿಗೆ ಮುಡಿದು, ಘಮಘಮ ಪೌಡರು ಬಳಿದುಕೊಂಡು ಬಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತು ಜಗಲಿಯ ಮೇಲೇ ಕೂರಿಸಿ ಊಟ ಬಡಿಸಿದ್ದಳು. ಆ ಅತ್ತೆ ಆಮೇಲೆ ಎಷ್ಟೋ ಬೆಳೆಯವರೆಗೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಅವ್ವನಿಗೆ ಒಂದೇ ಒಂದು ಆಸೆ ಇತ್ತು, ಮುತ್ತತ್ತಿ ನೋಡುವುದು. ಅವಳ ತವರು ನೀರಿಲ್ಲದ ಕಡೆ. ಹೊಳೆ ಎಂದರೆ ಬಸ್ಸಿನ ಕಿಟಕಿಯಿಂದ ಕಂಡದ್ದಷ್ಟೇ. ಕಾವೇರಿ ದಡದಲ್ಲಿ ಒಲೆ ಹೂಡಿ ಅಡಿಗೆ ಮಾಡಿ ಉಣ್ಣಬೇಕು ಎಂದು ಮದುವೆಯಾದ ಹೊಸದರಲ್ಲೇ ಅಪ್ಪನ ಹತ್ತಿರ ಹೇಳಿದ್ದಳಂತೆ. ಅಪ್ಪ ಹೂಂ ಅಂದಿದ್ದನಂತೆ. ಅಲ್ಲಿಂದಾಚೆ ಪ್ರತಿ ಸಲ ಹುಳು ಕೊನೇ ಜ್ವರ ಎದ್ದಾಗಲೂ ಅವನದು ಒಂದೇ ಮಾತು: "ಈ ಬೆಳೆ ಆಗ್ಬುಡ್ಲಿ, ಮುತ್ತತ್ತಿಗೆ ಓಗ್ಬುಟ್ ಬರಾವ." ಬೆಳೆ ಆಗುತ್ತಿತ್ತು. ಗೂಡು ಮಾರ್ಕೆಟ್ಟಿಗೆ ಹೋಗುತ್ತಿತ್ತು. ಅಷ್ಟರಲ್ಲಿ ತೋಟದಲ್ಲಿ ಹಿಪ್ಪುನೇರಳೆ ಚಿಗುರಿ ಮುಂದಿನ ಮೊಟ್ಟೆ ಬಂದಿರುತ್ತಿತ್ತು.

ಎರಡು ಬೆಳೆಯ ನಡುವೆ ಒಂದೇ ದಿನ ನಮಗೆ ರಜೆ. ಅದೂ ನಾವು ಕೇಳಿ ಪಡೆದದ್ದಲ್ಲ. ತಟ್ಟೆಗಳನ್ನೆಲ್ಲ ತೊಳೆದು ಒಣಗಿಸಿ ಒಳಗಿಟ್ಟು, ಗೋಡೆ ನೆಲ ಸೂರಿಗೆಲ್ಲ ಔಷಧಿ ಹೊಡೆದು, ಕಿಟಕಿ ಸಂದಿಗೆ ಪೇಪರು ಅಂಟಿಸಿ ಮನೆ ಮುಚ್ಚುತ್ತಿದ್ದರು. ಕಣ್ಣು ಉರಿಯುವ ಘಾಟು. ಒಂದು ದಿನ ಯಾರೂ ಒಳಗೆ ಹೋಗುವ ಹಾಗಿಲ್ಲ. ಪಾತ್ರೆ ಪಡಗ ಹೊತ್ತು ಜಗಲಿಗೆ ಬರುತ್ತಿದ್ದೆವು. ನನಗೂ ತಮ್ಮನಿಗೂ ಅದು ಹಬ್ಬಕ್ಕಿಂತ ದೊಡ್ಡದು.

ಅಂಥ ಒಂದು ದಿನ ಅಪ್ಪ ಬೆಳಿಗ್ಗೆಯೇ ಔಷಧಿ ಹೊಡೆದು ಬಾಗಿಲು ಎಳೆದುಕೊಂಡವನು, ಕೈ ತೊಳೆಯುತ್ತಾ, ಹೊರಡಿ ಎಂದ. ಅವ್ವನಿಗೆ ನಂಬಿಕೆಯೇ ಬರಲಿಲ್ಲ. ಅವಳ ಒಳ್ಳೇ ಸೀರೆ ಬೇರೆ ಒಳಗೆ ಪೆಟ್ಟಿಗೆಯಲ್ಲಿ, ಔಷಧಿಯ ಘಾಟಿನ ನಡುವೆ ಉಳಿದುಬಿಟ್ಟಿತ್ತು. ಅಪ್ಪ ಅದನ್ನು ಯೋಚಿಸಿಯೇ ಇರಲಿಲ್ಲ. ಹೊರಗೆ ಸಿಕ್ಕಿದ್ದು ತಟ್ಟೆ ತೊಳೆಯುವಾಗ ಉಡುತ್ತಿದ್ದ ಸೀರೆ. ಅದನ್ನೇ ಒದರಿ ಉಟ್ಟುಕೊಂಡು ಹೊರಟಳು.

ಮಳವಳ್ಳಿಗೆ ಬಂದು, ಅಲ್ಲಿಂದ ಪ್ರೈವೇಟ್ ಬಸ್ಸು ಹತ್ತಿದೆವು. ಅಪ್ಪನ ಕೈಯಲ್ಲಿ ಕಾಲು ಕಟ್ಟಿದ ಕೋಳಿ, ನನ್ನ ತೊಡೆಯ ಮೇಲೆ ಪಾತ್ರೆ. ಕಾಡು ಇಳಿದು ಹೊಳೆ ಕಂಡಾಗ ತಮ್ಮ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆಂಜನೇಯನಿಗೆ ಕೈ ಮುಗಿದು, ಹೊಂಗೆ ಮರದ ನೆರಳು ಹುಡುಕಿ ಮೂರು ಕಲ್ಲು ಹೂಡಿದೆವು. ಅಪ್ಪ ಅವತ್ತು ನಮ್ಮ ಅಪ್ಪನೇ ಅಲ್ಲ. ಸೌದೆ ಅವನೇ ತಂದ, ಈರುಳ್ಳಿ ಅವನೇ ಹೆಚ್ಚಿದ, ಅವ್ವನನ್ನು ಬಂಡೆಯ ಮೇಲೆ ಕೂರಿಸಿ ಏನೂ ಮುಟ್ಟಬೇಡ ಎಂದ. ಗಳಿಗೆಗೊಮ್ಮೆ ತಿರುಗಿ, "ಎಂಗೈತೆ?" ಎಂದು ಕೇಳುತ್ತಿದ್ದ. ಅವ್ವ ನಗುತ್ತಿದ್ದಳು. ಕೋತಿಯೊಂದು ಬಂದು ಬಾಳೆಹಣ್ಣಿನ ಚಿಪ್ಪನ್ನೇ ಹೊತ್ತುಕೊಂಡು ಹೋದಾಗಲೂ ನಕ್ಕಳು. ಸೂರ್ಯ ನೆತ್ತಿಗೆ ಬಂದಾಗ ಅವ್ವ ಇದ್ದಕ್ಕಿದ್ದಂತೆ ಎದ್ದು, ಹೊಳೆಯಲ್ಲಿ ಕೈ ತೊಳೆದು, ಸುತ್ತ ನೋಡುತ್ತಾ ನಿಂತುಬಿಟ್ಟಳು. ಯಾಕೆ ಎದ್ದೆ ಎಂದು ಅಪ್ಪ ಕೇಳಿದ. ಅವಳಿಗೇ ನಾಚಿಕೆಯಾಯಿತು. ಅದು ಹುಳುವಿಗೆ ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಅಪ್ಪ ಹೋಗಿ ವರ್ಷಗಳಾದವು. ಈ ಕತೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಮಕ್ಕಳಿಗೆ ಹೇಳಿದ್ದೇನೆ, ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ. ನಮ್ಮ ಮನೆಯ ಅತ್ಯಂತ ಖುಷಿಯ ದಿನ ಯಾವುದು ಎಂದರೆ ಯೋಚನೆಯೇ ಇಲ್ಲದೆ ಮುತ್ತತ್ತಿ ಎನ್ನುತ್ತಿದ್ದೆ. ಅವ್ವನ ಮುಂದೆಯೂ ಹೇಳುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು.

ಈಚೆಗೆ ಒಂದು ಭಾನುವಾರ ತಮ್ಮ ಫೋನು ಮಾಡಿದ. ಹುಳು ಹಣ್ಣಾಗಿದ್ದವು. ಹಣ್ಣಾದ ಹುಳು ಜೇನಿನ ಬಣ್ಣಕ್ಕೆ ತಿರುಗಿ, ಮೇವು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆ ಆಡಿಸುತ್ತದೆ. ಅದನ್ನು ಒಂದೊಂದಾಗಿ ಆರಿಸಿ, ಬಿದಿರಿನ ಸುರುಳಿ ಹೆಣೆದ ಚಂದ್ರಿಕೆಗೆ ಬಿಡಬೇಕು. ಕರೆಯಲೆಂದು ಅವನು ಫೋನು ಮಾಡಿದ್ದಲ್ಲ, ಸುಮ್ಮನೆ ಸುದ್ದಿ ಹೇಳಿದ. ಅವ್ವ ಫೋನು ನನ್ನ ಕೈಗೆ ಕೊಟ್ಟು ರೂಮಿಗೆ ಹೋದಳು. ನಾನು ಹೋಗಿ ನೋಡಿದರೆ ಬ್ಯಾಗಿಗೆ ಸೀರೆ ತುಂಬುತ್ತಿದ್ದಾಳೆ. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಹೊರಗೇ ಕೂತು ನೋಡುತ್ತೇನೆ ಎಂದಳು. ದನಿ ಏರಿಸಿದೆ. ಅವಳು ತುಂಬುವುದನ್ನು ನಿಲ್ಲಿಸಲಿಲ್ಲ. ಸಂಜೆಯೇ ವಾಪಸು ಬರಬೇಕು ಎಂದು ಒಪ್ಪಿಸಿ, ಸಿಡಿಮಿಡಿಗುಟ್ಟುತ್ತಲೇ ನಾನೂ ಜೊತೆಗೆ ಬಸ್ಸು ಹತ್ತಿದೆ. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ವಡೆ ಬೇಕಾ ಅಂದರೆ, ಹೊತ್ತಾಗುತ್ತದೆ ಎಂದಳು.

ತಮ್ಮನ ಹುಳುಮನೆ ಈಗ ತೋಟದ ಮಗ್ಗುಲಿನ ಶೆಡ್ಡು. ನಮ್ಮನ್ನು ನೋಡಿ ಅವನ ಮುಖ ಕಪ್ಪಿಟ್ಟಿತು. ನಾನೇನು ಮಾಡಲಿ ಎಂಬಂತೆ ಕೈ ಆಡಿಸಿದೆ. ಅವ್ವ ಮಾತಿಗೆ ತಪ್ಪಲಿಲ್ಲ. ಶೆಡ್ಡಿನ ಹೊಸ್ತಿಲವರೆಗೂ ಹೋಗದೆ, ಅಷ್ಟು ದೂರದ ಬೇವಿನ ಮರದ ಕೆಳಗೆ ಕೂತು, ಸೆರಗನ್ನು ಮೂಗಿನ ಮೇಲೆ ಬಿಗಿಯಾಗಿ ಸುತ್ತಿಕೊಂಡು, ಬರಿಗೈಯನ್ನು ಮುಂದಕ್ಕೆ ಚಾಚಿದಳು. ತಮ್ಮ ಒಳಗಿನಿಂದ ಒಂದು ತಟ್ಟೆ ತಂದು ಅವಳ ಮುಂದಿಟ್ಟ, ಒಂದು ಚಂದ್ರಿಕೆಯನ್ನೂ ಇಟ್ಟ. ನಾನೂ ಎದುರಿಗೆ ಕೂತೆ.

ಅವ್ವನ ಬೆರಳುಗಳು ಶುರುವಾದವು. ಎಷ್ಟೋ ತಿಂಗಳಿನಿಂದ ಮಡಿಲಲ್ಲಿ ಮಲಗಿದ್ದ ಬೆರಳುಗಳು. ಹಣ್ಣಾದದ್ದು ಯಾವುದು, ಇನ್ನೊಂದು ಊಟ ಬೇಕಾದದ್ದು ಯಾವುದು ಎಂದು ನೋಡಿದ ಕೂಡಲೇ ಬೇರೆ ಮಾಡುತ್ತಿದ್ದಳು. ನನಗೂ ಕೈ ಮರೆತಿರಲಿಲ್ಲ. ಹುಳುವಿನ ತಂಪು ಮೈ ಅಂಗೈಗೆ ತಗುಲಿದಾಗ ನನಗೆ ಅಳುವೇ ಬಂದಂತಾಯಿತು. ಹಳೇ ಮನೆ, ಬಟ್ಟಲಿನ ನೀರು, ಹಿತ್ತಲಿನ ಒಗ್ಗರಣೆ, ತಿಪ್ಪೆಯಾಚೆ ಬೀಡಿ ಸೇದುತ್ತಾ ನಿಂತ ಅಪ್ಪ, ಎಲ್ಲ ಒಟ್ಟಿಗೇ ಬಂದವು. ಅವ್ವನಿಗೂ ಹೀಗೇ ಆಗುತ್ತಿದೆಯೋ ಏನೋ ಎಂದು ಅವಳ ಮುಖ ನೋಡಿದೆ. ಮೂಗಿನವರೆಗೆ ಸೆರಗು, ಕಣ್ಣಷ್ಟೇ ಕಾಣುತ್ತಿತ್ತು. ಅವಳು ತಟ್ಟೆ ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ. ತಡೆಯಲಾಗದೆ ಕೇಳಿದೆ, ಮುತ್ತತ್ತಿಯ ದಿನದಷ್ಟೇ ಖುಷಿಯಾಗಿದ್ದೀಯಾ ಎಂದು.

ಅವ್ವ ಕೈ ನಿಲ್ಲಿಸದೆ ಹೇಳಿದಳು. "ಅವತ್ತೆಲ್ಲಾ ನಿಮ್ಮಪ್ಪ ನನ್ ಮಕಾನೇ ನೋಡ್ತಿತ್ತು ಕಣವ್ವ. ನಗ್ತಾವಳಾ ಇಲ್ವಾ ಅಂತ. ಪಾಪ, ಅಷ್ಟು ಆಸೆ ಪಟ್ಟು ಕರ್ಕೊಂಡೋಗೈತಲ್ಲ ಅಂತ ನಗ್ತಾನೇ ಇದ್ದೆ. ಸಂಜೀಕೆ ದವಡೆ ನೋಯ್ತಿತ್ತು. ಒಳೆ ಎಂಗಿತ್ತು ಅಂತ್ಲೇ ಗ್ಯಾನ ಇಲ್ಲ."

ನಾನು ಮತ್ತೆ ಅವಳ ಮುಖವನ್ನೇ ನೋಡುತ್ತಾ ಕೂತೆ. ಅವಳು ಒಂದು ಹುಳುವನ್ನು ಚಂದ್ರಿಕೆಗೆ ಬಿಟ್ಟು, ಮೊದಲ ಸಲ ತಲೆ ಎತ್ತಿದಳು.

"ಈಗ ನೀನ್ ನೋಡ್ತಿದ್ದೀಯ. ಬಂದಾಗ್ಲಿಂದ ನೋಡ್ತಿದ್ದೀಯ. ನನ್ ಮಕ ಬುಟ್ಟು ಕೈ ನೋಡ್ಕೊ ಮಗ, ಉಳ ಇಸುಕ್ಬುಟ್ಟೀಯ."

ನೋಡಿಕೊಂಡೆ. ನಿಜಕ್ಕೂ ನನ್ನ ಮುಷ್ಟಿ ಬಿಗಿಯಾಗಿತ್ತು. ಬೆರಳು ಬಿಡಿಸಿ ಹುಳುವನ್ನು ಸುರುಳಿಯ ಸಂದಿಗೆ ಬಿಟ್ಟೆ. ಅದು ಒಂದು ಗಳಿಗೆ ಸುಮ್ಮನಿದ್ದು, ತಲೆ ಎತ್ತಿ, ಆ ಕಡೆ ಈ ಕಡೆ ಆಡಿಸಿ, ಮೊದಲ ಎಳೆಯನ್ನು ಅಂಟಿಸಿತು.

ಸಂಜೆ ತಮ್ಮ ಅವ್ವನ ಬ್ಯಾಗು ತಂದು ಜಗಲಿಯ ಮೇಲಿಟ್ಟ. ನಾನು ಅದನ್ನು ಎತ್ತಿ ಒಳಗಿಟ್ಟು ಬಂದೆ. ತಟ್ಟೆ ಹೊರಗೆ ಬರಬೇಕೇ ಹೊರತು ಅವ್ವ ಒಳಗೆ ಹೋಗಕೂಡದು, ಔಷಧಿ ಹೊಡೆಯುವ ದಿನ ಅವಳನ್ನು ಮಂಡ್ಯಕ್ಕೆ ಕಳಿಸಬೇಕು ಎಂದು ಅವನಿಗೆ ತಾಕೀತು ಮಾಡಿದೆ. ಅವನು ಗಟ್ಟಿಯಾಗಿ ಹೂಂ ಎಂದ. ಅವ್ವ ಇನ್ನೂ ಮರದ ಕೆಳಗೇ ಇದ್ದಳು. ಬತ್ತೀನಿ ಕಣವ್ವ ಎಂದು ನಾನು ಹೇಳಿದಾಗ, ತಲೆ ಎತ್ತದೆ, ಹೂಂ ಓಗ್ಬುಟ್ ಬಾ ಎಂದಳು. ಇಷ್ಟು ತಿಂಗಳು ಸಂಜೆ ಸಂಜೆ ನನ್ನ ಕಡೆ ನೋಡಿ ನಗುತ್ತಿದ್ದವಳು ಇವತ್ತು ನಗಲಿಲ್ಲ. ಬಸ್ಸಿಗೆ ಒಬ್ಬಳೇ ನಡೆದೆ.