ತೋಳಿನ ಮೇಲೆ ಬೆಳಕು ಹಚ್ಚುವಾಕೆ

ಬೆಳಗಿನ ಜಾವ ಐದೂಕಾಲು. ಉದ್ದನೆಯ ಹಳೆಯ ಕಟ್ಟಡವೊಂದರ ನೆಲಮಾಳಿಗೆ. ಅಲ್ಲಿನ ಓಣಿಯ ಒಂದು ತುದಿಯಲ್ಲಿ ಕಟ್ಟಿದ ಹಗ್ಗದ ಮೇಲೆ ಒಂದೇ ಒಂದು ಟೀ ಶರ್ಟ್ ತೂಗುತ್ತಿದೆ. ನಲವತ್ತೇಳರ ಹೆಂಗಸೊಬ್ಬರು ಅದಕ್ಕೆ ಬೆನ್ನು ಮಾಡಿ, ಹೆಜ್ಜೆ ಎಣಿಸುತ್ತಾ ಇನ್ನೊಂದು ತುದಿಗೆ ನಡೆಯುತ್ತಾರೆ. ನಲವತ್ತನೆಯ ಹೆಜ್ಜೆಗೆ ನಿಂತು ತಿರುಗುತ್ತಾರೆ. ಟಾರ್ಚನ್ನು ಹುಬ್ಬಿನ ಪಕ್ಕಕ್ಕೆ ಹಿಡಿದು ಗುಂಡಿ ಒತ್ತುತ್ತಾರೆ. ಆ ದೂರದಿಂದ ಅಂಗಿ ಕಾಣುವುದೇ ಇಲ್ಲ. ಅದರ ಬಲತೋಳು, ತೋಳಿನ ಕೆಳಗೆ ಪಕ್ಕೆಗುಂಟ ಸೊಂಟದವರೆಗಿನ ಒಂದು ಗೆರೆ, ಇಷ್ಟು ಮಾತ್ರ ಬೆಳ್ಳಗೆ ಹೊತ್ತಿಕೊಳ್ಳುತ್ತದೆ.

ಅವರಿಗೆ ಸಮಾಧಾನವಿಲ್ಲ. ಪಕ್ಕೆಯ ಹತ್ತಿರ ಮಬ್ಬಾಗಿದೆಯಂತೆ. ಅಂಗಿಯನ್ನು ಹಗ್ಗದಿಂದ ಇಳಿಸಿ, ಮತ್ತೆ ಮುದ್ರಿಸುವ ಹಲಗೆಗೆ ಏರಿಸಿ, ಗಾಜಿನ ನುಣ್ಣನೆಯ ಪುಡಿ ಬೆರೆತ ಬಣ್ಣವನ್ನು ಜಾಲರಿಯ ಮೂಲಕ ನಾಲ್ಕನೆಯ ಬಾರಿ ಎಳೆಯಲು ಕೂರುತ್ತಾರೆ. ಬಣ್ಣದ ಡಬ್ಬದ ಮುಚ್ಚಳ ತೆಗೆದೊಡನೆ ಕೆಮ್ಮು ಶುರು. ಕೆಮ್ಮು ನಿಲ್ಲುವವರೆಗೆ ಕೈ ಅಲುಗಿಸುವುದಿಲ್ಲ. ಕೈ ಅಲುಗಿದರೆ ಗೆರೆ ಒಡೆಯುತ್ತದೆ.

ಊರಿನ ಸ್ಕೇಟ್‌ಬೋರ್ಡ್ ಬಳಗಕ್ಕೆ ಇವರು ಅಂಗಿಯಮ್ಮ. ಮೊದಲು ಅಂಗಡಿಯಮ್ಮ ಅನ್ನುತ್ತಿದ್ದರಂತೆ. "ಅಂಗಡಿ ಎಲ್ಲಿದೆ ನಂದು? ಈ ಮಾಳಿಗೆ ಕೂಡ ಬಾಡಿಗೇದು. ಅದಕ್ಕೆ ಮಧ್ಯದ 'ಡ' ಕಿತ್ತುಹಾಕಿ ಅಂಗಿ ಮಾಡಿದ್ರು," ಎಂದು ನಗದೆಯೇ ಹೇಳುತ್ತಾರೆ. ಅವರ ಹತ್ತಿರ ಅಂಗಿ ಮಾಡಿಸಿಕೊಳ್ಳಬೇಕೆಂದರೆ ಅಳತೆ ಕೊಟ್ಟರೆ ಸಾಲದು. ಇಳಿಜಾರು ರಸ್ತೆಗೆ ಅವರನ್ನು ಕರೆದುಕೊಂಡು ಹೋಗಿ, ಅವರೆದುರು ಗಾಲಿಯ ಹಲಗೆ ಮೇಲೆ ನಿಂತು ಜಾರಿ ತೋರಿಸಬೇಕು. ಆಮೇಲೆ ಒಂದು ಪ್ರಶ್ನೆ: ಜೋರಾಗಿ ಬಿದ್ದಿದ್ದು ಎಲ್ಲಿ, ಯಾವ ಮೂಳೆ? ಚಿತ್ರ ಹುಟ್ಟುವುದು ಆ ಉತ್ತರದಿಂದ. ಒಂದು ಚಿತ್ರ ಒಬ್ಬರಿಗೆ ಮಾತ್ರ. ಅಂಗಿ ಮುಗಿದ ದಿನವೇ ಚಿತ್ರದ ಅಚ್ಚಿರುವ ಜಾಲರಿ ಚೌಕಟ್ಟನ್ನು ತೊಳೆದು ಅಳಿಸಿಬಿಡುತ್ತಾರೆ.

ಹಗಲಿನಲ್ಲಿ, ಒಂಬತ್ತರಿಂದ ಆರರವರೆಗೆ, ಅವರು ಬಟ್ಟೆ ಮೇಲೆ ಮುದ್ರಿಸುವ ಕಾರ್ಖಾನೆಯೊಂದರ ಕೆಲಸಗಾರ್ತಿ. ಇಪ್ಪತ್ತಾರು ವರ್ಷ ಆಯಿತು. ಅಲ್ಲಿ ಒಂದು ಚೌಕಟ್ಟಿನಿಂದ ದಿನಕ್ಕೆ ಐನೂರು ಅಂಗಿ ಇಳಿಯುತ್ತವೆ. ಒಂದು ಚೌಕಟ್ಟಿಗೆ ಒಂದೇ ಅಂಗಿ ಎನ್ನುವ ಇವರ ಲೆಕ್ಕ ಕೇಳಿ ಅಲ್ಲಿನ ಮೇಲ್ವಿಚಾರಕರು ತಲೆ ಚಚ್ಚಿಕೊಂಡಿದ್ದರಂತೆ. ಇಷ್ಟು ವರ್ಷ ಬರಿಗೈಯಲ್ಲಿ ಬಣ್ಣ ಕರಗಿಸುವ ಥಿನ್ನರ್ ಮುಟ್ಟಿ ಬೆರಳ ತುದಿಯ ಗೆರೆಗಳೇ ಸವೆದುಹೋಗಿವೆ. "ಬೆರಳಿಟ್ಟರೆ ಹಾಜರಿ ಯಂತ್ರ ನನ್ನ ಗುರುತೇ ಹಿಡಿಯಲ್ಲ. ದಿನಾ ಬೆಳಿಗ್ಗೆ ಮೇಲ್ವಿಚಾರಕರು ಬಂದು, ಇವಳು ಇವಳೇ ಅಂತ ಬರ್ಕೋಬೇಕು."

ಸ್ಕೇಟ್‌ಬೋರ್ಡ್ ಮೊದಲು ಮನೆಗೆ ಬಂದದ್ದು ತಮ್ಮನ ಕಂಕುಳಲ್ಲಿ. ತಮ್ಮ ಅವರಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ತಂದೆ ಬೇಗ ತೀರಿಕೊಂಡಿದ್ದರಿಂದ ಅವನನ್ನು ಓದಿಸಿದ್ದು, ಫ್ಯಾನ್ ರಿಪೇರಿ ಕಲಿಯಲು ಹಾಕಿದ್ದು ಅಕ್ಕನೇ. ಆ ಓಡಾಟದಲ್ಲಿ ಅವರ ಮದುವೆಯ ಮಾತು ಹಿಂದೆ ಬಿತ್ತು, ಆಮೇಲೆ ಯಾರೂ ಎತ್ತಲಿಲ್ಲ. ಇಪ್ಪತ್ತಾರು ದಾಟಿದ ಮೇಲೆ ತಮ್ಮನಿಗೆ ಈ ಹುಚ್ಚು ಹಿಡಿಯಿತು. ದಿನವಿಡೀ ಬಗ್ಗಿ ಕೂತು ತಂತಿ ಸುತ್ತುವವನಿಗೆ ಬೆಳಗಿನ ಅರ್ಧ ಗಂಟೆ ನೆಟ್ಟಗೆ ನಿಂತು ಗಾಳಿಗೆ ಮುಖ ಕೊಡುವುದೇ ಸುಖವಾಗಿತ್ತು.

ಅಕ್ಕ ಮುದ್ರಿಸುವವಳು, ತಮ್ಮ ಅಂಗಿ ಕೇಳದೆ ಇರುತ್ತಾನೆಯೇ? ಕೇಳಿದ. ಕಪ್ಪು ಅಂಗಿ, ಅದರ ಮೇಲೆ ಕಪ್ಪಿನಲ್ಲೇ ಒಂದು ಕಾಗೆ. ದೂರದಿಂದ ನೋಡಿದರೆ ಖಾಲಿ ಅಂಗಿ, ಹತ್ತಿರ ಬಂದವರಿಗೆ ಮಾತ್ರ ಕಾಗೆ ಕಾಣಬೇಕು. ಅಕ್ಕನಿಗೆ ಯಾಕೋ ಮನಸ್ಸು ಒಪ್ಪಲಿಲ್ಲ. ನಸುಕಿನಲ್ಲಿ ರಸ್ತೆಗಿಳಿಯುವವನು, ಬೆನ್ನಿಗೊಂದು ಬಿಳಿ ಪಟ್ಟಿ ಹಾಕುತ್ತೇನೆ ಎಂದರು. "ನಾನೇನು ರಸ್ತೆ ಗುಡಿಸೋನಾ ಅಕ್ಕಾ?" ಎಂದು ಅವನು ನಕ್ಕ. ಅವರೂ ನಕ್ಕು ಬಿಟ್ಟುಕೊಟ್ಟರು. ಕಾಗೆಯ ಒಂದೊಂದು ಗರಿಯನ್ನೂ ಬೇರೆಬೇರೆ ಕಪ್ಪಿನಲ್ಲಿ ಎಳೆದರು. ಅಷ್ಟು ಚೆಂದದ ಕೆಲಸ ಅದಕ್ಕೆ ಮುಂಚೆ ತಾವು ಮಾಡಿರಲಿಲ್ಲ ಎಂದು ಇವತ್ತಿಗೂ ಅವರಿಗೆ ಅನಿಸುತ್ತದೆ.

ಅಂಗಿ ತೊಟ್ಟ ಹನ್ನೊಂದನೆಯ ದಿನ, ಬೆಳಕು ಹರಿಯುವ ಮುಂಚೆ, ಇಳಿಜಾರಿನಲ್ಲಿ ಹಿಂದಿನಿಂದ ಬಂದ ನೀರಿನ ಟ್ಯಾಂಕರ್ ತಮ್ಮನ ಮೇಲೆ ಹರಿಯಿತು. ನಾಲ್ಕು ವರ್ಷದ ಹಿಂದಿನ ಮಾತು. ಚಾಲಕ ಓಡಿಹೋಗಲಿಲ್ಲ. ಅವನೇ ಎತ್ತಿಕೊಂಡು ಆಸ್ಪತ್ರೆಗೆ ತಂದ, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಅತ್ತ. ದೀಪ ಹಾಕಿದ್ದೆ, ಮೈಮೇಲೆ ಬರೀ ಕಪ್ಪು, ಕಾಣಲೇ ಇಲ್ಲ ಎಂದು ಬಂದವರಿಗೆಲ್ಲ ಹೇಳಿದ. ಅದನ್ನು ಕೇಳಿಸಿಕೊಂಡ ತಾಯಿ ಮಗಳ ಕಡೆ ತಿರುಗಿ ಒಂದೇ ಮಾತು ಕೇಳಿದರು: "ಕಪ್ಪು ಬೇಡ ಅಂತ ಒಂದು ಮಾತು ಹೇಳಬಾರದಿತ್ತಾ ನೀನು?"

ಹೇಳಿದ್ದೆ ಎಂದು ಮಗಳು ಬಾಯಿ ಬಿಡಲಿಲ್ಲ. ಇಂದಿಗೂ ಬಿಟ್ಟಿಲ್ಲ. ಎಪ್ಪತ್ತನಾಲ್ಕರ ತಾಯಿ ಇರುವುದು ಅವರ ಜೊತೆಯಲ್ಲೇ. ವಾರಕ್ಕೊಮ್ಮೆಯಾದರೂ ಆ ಮಾತು ಮನೆಯೊಳಗೆ ಬರುತ್ತದೆ. "ಅಮ್ಮನಿಗೆ ಬೈಯೋಕೆ ಒಬ್ಬರು ಬೇಕು. ಚಾಲಕ ಎಲ್ಲಿದ್ದಾನೋ ಏನೋ, ನಾನಂತೂ ಎದುರಿಗೇ ಇದ್ದೀನಲ್ಲ," ಎನ್ನುತ್ತಾರೆ. ದನಿಯಲ್ಲಿ ದೂರಿಲ್ಲ.

ಒಂದು ವರ್ಷವಾಗುತ್ತ ಬಂದಾಗ ತಮ್ಮನ ಜೊತೆ ಆಡುತ್ತಿದ್ದ ಹುಡುಗಿಯೊಬ್ಬಳು ಬಾಗಿಲು ತಟ್ಟಿದಳು. ಕೊರಿಯರ್ ಹಂಚುವ ಕೆಲಸ, ಸಣ್ಣ ಮೈಕಟ್ಟು, ಎಲ್ಲರ ಬಾಯಲ್ಲಿ ಗುಬ್ಬಿ. ಗೆಳೆಯನ ನೆನಪಿಗೆ ಏಳು ಜನ ಅದೇ ಕಾಗೆಯ ಅಂಗಿ ತೊಡಬೇಕೆಂದಿದ್ದೇವೆ, ಮಾಡಿಕೊಡಿ ಎಂದು ಕೇಳಿದಳು. ಅಕ್ಕ ಬಾಗಿಲು ಹಾಕಿಕೊಂಡರು. ಆದರೆ ಆ ಏಳು ಜನ ಬೇರೆಲ್ಲಾದರೂ ಕಪ್ಪು ಅಂಗಿ ಹೊಲಿಸಿ ಅದೇ ರಸ್ತೆಗೆ ಇಳಿಯುತ್ತಾರೆ ಎನ್ನುವುದು ತಲೆಯಿಂದ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವರು ಮೊದಲ ಬಾರಿಗೆ ಆ ಇಳಿಜಾರಿಗೆ ಹೋದರು. ನಿಂತಿದ್ದ ವ್ಯಾನೊಂದರ ಹಿಂದೆ ಮರೆಯಾಗಿ ನೋಡಿದರು.

ಅಲ್ಲಿಯವರೆಗೆ ಅವರು ಸ್ಕೇಟ್‌ಬೋರ್ಡ್ ಆಡುವುದನ್ನು ನೋಡಿಯೇ ಇರಲಿಲ್ಲ. ನಡೆಯುವವರಂತೆ ಮುಂದಕ್ಕೆ ಮುಖ ಮಾಡಿ ನಿಲ್ಲುತ್ತಾರೆ ಎಂದುಕೊಂಡಿದ್ದರು. ಹಾಗಲ್ಲ. ಆಡುವವರು ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲುತ್ತಾರೆ. ಎಡಗಾಲು ಮುಂದಿಟ್ಟವರ ಬಲತೋಳು ಹಿಂದಕ್ಕೆ, ಬಲಗಾಲು ಮುಂದಿಟ್ಟವರ ಎಡತೋಳು ಹಿಂದಕ್ಕೆ. ಹಿಂದಿನಿಂದ ಬರುವ ಗಾಡಿಯವನಿಗೆ ಕಾಣುವುದು ಆ ಒಂದು ತೋಳು, ಆ ಒಂದು ಪಕ್ಕೆ. ಬೆನ್ನು ರಸ್ತೆಯ ಅಂಚಿನ ಗೋಡೆಯನ್ನು ನೋಡುತ್ತಿರುತ್ತದೆ.

"ಒಂದು ವರ್ಷ ನನ್ನ ನಾನೇ ತಿಂದ್ಕೊಂಡಿದ್ದೆ, ಆ ಪಟ್ಟಿ ಹಾಕಿದ್ರೆ ಉಳೀತಿದ್ದ ಅಂತ. ಹಾಕಿದ್ರೂ ಉಳೀತಿರಲಿಲ್ಲ. ಬೆನ್ನಿಗೆ ಹಾಕ್ತಿದ್ದೆನಲ್ಲ," ಎಂದು ಅವರು ಹೇಳುತ್ತಾರೆ. ಅದನ್ನು ತಿಳಿದು ಹಗುರಾಯಿತೇ ಎಂದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಒಂದೇ ಒಂದು ದಿನ ಅವನು ಆಡುವುದನ್ನು ನೋಡಲು ಹೋಗಿದ್ದರೆ ಪಟ್ಟಿ ಎಲ್ಲಿರಬೇಕು ಎಂದು ಗೊತ್ತಾಗುತ್ತಿತ್ತು. ಅವನು ಎಷ್ಟೋ ಸಲ ಕರೆದಿದ್ದ. ಕೆಲಸವಿದೆ ಎಂದಿದ್ದರು.

ಅಂದೇ ಸಂಜೆ ಗುಬ್ಬಿಯನ್ನು ಹುಡುಕಿಕೊಂಡು ಹೋಗಿ, ಅಂಗಿ ಮಾಡಿಕೊಡುತ್ತೇನೆ, ಕಾಗೆ ಮಾತ್ರ ಮಾಡುವುದಿಲ್ಲ ಎಂದರು. ಬೆಳಕು ಬಿದ್ದರೆ ಹೊಳೆಯುವ ಬಣ್ಣ ತರಿಸಿದರು. ಮೊದಲ ಐದು ಅಂಗಿ ಕೆಟ್ಟವು. ಬಟ್ಟೆ ಮಡಿಸಿದರೆ ಬಣ್ಣ ಸಿಪ್ಪೆಯೇಳುತ್ತಿತ್ತು. ಆರನೆಯದು ನಿಂತಿತು. ಮೂರು ವರ್ಷಗಳಲ್ಲಿ ನೂರ ಅರವತ್ತಮೂರು ಅಂಗಿ. ವಾರಕ್ಕೆ ಒಂದು, ಕಷ್ಟಪಟ್ಟರೆ ಎರಡು. ಒಂದೊಂದಕ್ಕೂ ಮೂರು ನಾಲ್ಕು ಎಳೆತ, ಎಳೆತಕ್ಕೊಮ್ಮೆ ಮುಕ್ಕಾಲು ಗಂಟೆ ಒಣಗಬೇಕು. ಯಾವ ಕಾಲು ಮುಂದೆ ಎನ್ನುವುದನ್ನು ಪ್ರತಿ ಅಂಗಿಯ ಕಾಲರಿನ ಒಳಗೆ ಸೂಜಿಯಿಂದ ಹೊಲಿದಿರುತ್ತಾರೆ. ಒಬ್ಬರ ಅಂಗಿ ಇನ್ನೊಬ್ಬರು ತೊಡುವ ಹಾಗಿಲ್ಲ.

ಬಳಗದಲ್ಲಿ ಲಿಫ್ಟ್ ರಿಪೇರಿ ಮಾಡುವವರೊಬ್ಬರಿದ್ದರು. ಬಲಗಾಲು ಮುಂದೆ, ಮುರಿದದ್ದು ಎಡ ಮೊಣಕೈ. ಅವರ ಎಡತೋಳಿನಿಂದ ಸೊಂಟದವರೆಗೆ ಒಂಬತ್ತರಿಂದ ಸೊನ್ನೆಗೆ ಇಳಿಯುವ ಅಂಕಿಗಳು, ಲಿಫ್ಟಿನ ಗುಂಡಿಗಳಂತೆ. ಎಲ್ಲರೂ ಹೊಟ್ಟೆಕಿಚ್ಚು ಪಡುತ್ತಿದ್ದ ಅಂಗಿ. ಹೋದ ವರ್ಷ ಒಂದು ಬೆಳಿಗ್ಗೆ ಕಾರೊಂದು ಅವರಿಗೆ ಹಿಂದಿನಿಂದ ಬಡಿಯಿತು. ಎದುರು ಮನೆಯ ಮಹಡಿಯಿಂದ ನೋಡಿದವರು, ಅಂಕಿಗಳು ಒಂದೊಂದೂ ಓದುವಷ್ಟು ಹೊಳೆಯುತ್ತಿದ್ದವು ಎಂದು ಸಾಕ್ಷಿ ಹೇಳಿದರು. ಕಾರಿನವನ ಕಣ್ಣು ಫೋನಿನಲ್ಲಿತ್ತು. ಅವರು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದ ಅಂಗಿಯನ್ನು ಅವರ ಹೆಂಡತಿ ಒಗೆದು, ಮಡಚಿ, ಹದಿನೈದು ದಿನದ ಮೇಲೆ ತಂದುಕೊಟ್ಟರು. ಇದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ ಎಂದರಂತೆ. 

ಆಮೇಲೆ ಒಂಬತ್ತು ದಿನ ಬಣ್ಣದ ಡಬ್ಬ ತೆರೆಯಲಿಲ್ಲ. ಹತ್ತನೆಯ ದಿನ ಬಳಗದವರನ್ನೆಲ್ಲ ಕರೆಸಿ, ಈ ಆಟ ಬಿಟ್ಟುಬಿಡಿ, ನಿಮಗೆ ಕೈ ಮುಗಿಯುತ್ತೇನೆ ಎಂದು ಬೇಡಿಕೊಂಡರು. ಒಬ್ಬಿಬ್ಬರು ಬಿಟ್ಟರು. ಉಳಿದವರು ತಲೆ ತಗ್ಗಿಸಿ ನಿಂತರು. ಗುಬ್ಬಿ ಮಾತ್ರ ಮಾತಾಡಿದಳು: "ಅಂಗಿಯಮ್ಮ, ದಿನವೆಲ್ಲಾ ಬೇರೆಯವರ ಗಂಟು ಹೊತ್ತು ತಿರುಗ್ತೀನಿ. ಆ ಅರ್ಧ ಗಂಟೆ ಒಂದೇ ನಂದು. ಅದನ್ನೂ ಬಿಟ್ಟು ಏನ್ ಮಾಡ್ಲಿ?"

ತಮ್ಮನೂ ಹೆಚ್ಚುಕಡಿಮೆ ಹಾಗೆಯೇ ಹೇಳುತ್ತಿದ್ದ. ಮರುದಿನ ಅಂಗಿಯಮ್ಮ ಜಾಲರಿ ತೊಳೆದು ಮತ್ತೆ ಬಣ್ಣದ ಡಬ್ಬ ತೆರೆದರು. "ಕಾಣಿಸೋ ಹಾಗೆ ಮಾಡೋದು ನನ್ನ ಕೈಲಿದೆ. ನೋಡೋದು ಅವರ ಕೈಲಿದೆ. ನನ್ನ ಪಾಲಿಂದು ನಾನು ಕೆಡಿಸಬಾರದು, ಅಷ್ಟೆ," ಎನ್ನುತ್ತಾರೆ.

ಕಿಟಕಿಯ ಸರಳುಗಳಲ್ಲಿ ಈಗ ಬೂದು ಬೆಳಕು. ಮೆಟ್ಟಿಲಿಳಿದು ಬಂದವರು ಶಾಲೆಯೊಂದರ ಗಣಿತದ ಮೇಷ್ಟ್ರು. ಕೈಯಲ್ಲಿ ಎರಡು ವರ್ಷ ತೊಟ್ಟ ಅಂಗಿ. ಅರವತ್ತು ಒಗೆತದ ಮೇಲೆ ಗಾಜಿನ ಪುಡಿ ಉದುರಿ ಹೊಳಪು ಸತ್ತುಹೋಗುತ್ತದೆ, ಆಗ ಹಳೆಯದನ್ನು ಕೊಟ್ಟು ಹೊಸದಕ್ಕೆ ಹೇಳಿಹೋಗಬೇಕು. ಅಂಗಿಯ ಕಂಕುಳು ಹರಿದಿದೆ, ಕೊರಳು ಜೋತಿದೆ. ಮೇಷ್ಟ್ರು ಸಂಕೋಚದಿಂದ, ತುಂಬಾ ಹಾಳು ಮಾಡಿಬಿಟ್ಟೆ ಎನ್ನುತ್ತಾರೆ. ಅಂಗಿಯಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹರಿದ ಜಾಗಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಬೆಳಗಿನಿಂದ ಬಿಗಿದಿದ್ದ ಮುಖ ಸ್ವಲ್ಪ ಸಡಿಲುತ್ತದೆ.

ಹೀಗೆ ಹಿಂದಿರುಗಿದ ಅಂಗಿಗಳು ಇದುವರೆಗೆ ನಲವತ್ತೊಂದು. ಅವನ್ನು ತಾಯಿ ಚೌಕ ಚೌಕವಾಗಿ ಕತ್ತರಿಸಿ ಕೊಡುತ್ತಾರೆ. ಮಗಳ ಕೆಲಸದಲ್ಲಿ ಅವರು ಕೈ ಹಾಕುವುದು ಅದೊಂದಕ್ಕೇ. ಜಾಲರಿ ಒರೆಸಲು ಮೆತ್ತಗಿನ ಹಳೇ ಬಟ್ಟೆಯಷ್ಟು ಒಳ್ಳೆಯದು ಬೇರೆ ಇಲ್ಲ.

ಏನಾದರೂ ಆಸೆ ಉಳಿದಿದೆಯೇ ಎಂದರೆ ಅವರು ಕೈ ಒರೆಸಿಕೊಳ್ಳುತ್ತಾ ಸ್ವಲ್ಪ ಯೋಚಿಸುತ್ತಾರೆ. "ಕೊಟ್ಟ ಅಂಗಿ ಒಂದೊಂದೂ ಹಳೇದಾಗಿ ಬರ್ಲಿ. ತೊಟ್ಟವರೇ ತಂದುಕೊಡ್ಲಿ. ಒರೆಸೋ ಬಟ್ಟೆ ಆದ್ರೆ ನನ್ನ ಕೆಲಸ ಮುಗೀತು."